ಎಂಜಿಬಿ ಕಾರಿನ ತೈಲ ಒತ್ತಡ ಮತ್ತು ತಾಪಮಾನ ಮಾಪಕಗಳು

ಎಂಜಿಬಿ ಕಾರಿನ ತೈಲ ಒತ್ತಡ ಮತ್ತು ತಾಪಮಾನ ಮಾಪಕಗಳು ಎಂಜಿನ್ನಿನ ಒಳಗಿನ ಸ್ಥಿತಿಯನ್ನು ಚಾಲಕನಿಗೆ ತಿಳಿಸುವ ಉಪಕರಣಗಳಾಗಿವೆ. ಎಂಜಿಬಿಯು ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಇದರಲ್ಲಿ 1798 ಘನ ಸೆಂ.ಮೀ. ಸಾಮರ್ಥ್ಯದ, ನಾಲ್ಕು ಸಿಲಿಂಡರ್‌ಗಳ ಬಿ-ಸರಣಿ ಎಂಜಿನ್ ಇದೆ. ಇಂದಿನ ಅನೇಕ ಕಾರುಗಳಲ್ಲಿ ತೈಲ ಒತ್ತಡಕ್ಕೆ ಎಚ್ಚರಿಕೆಯ ದೀಪ ಮಾತ್ರ ಇರುತ್ತದೆ. ಆ ದೀಪ ಹೊತ್ತಿಕೊಳ್ಳುವ ವೇಳೆಗೆ ಒತ್ತಡ ಬಹುಮಟ್ಟಿಗೆ ಕುಸಿದಿರುತ್ತದೆ. ಮಾಪಕವು ಈ ಇಳಿಕೆಯನ್ನು ಮೊದಲೇ ತೋರಿಸುತ್ತದೆ.

ರಚನೆ

ಆರಂಭದ ಕಾರುಗಳಲ್ಲಿ ಎರಡೂ ಮಾಪಕಗಳು ಒಂದೇ ದುಂಡು ಮುಖದಲ್ಲಿದ್ದು, ವಿದ್ಯುತ್ತಿನ ನೆರವಿಲ್ಲದೆ ಕೆಲಸ ಮಾಡುತ್ತವೆ. ಎಂಜಿನ್ ಬ್ಲಾಕ್‌ನಿಂದ ಬರುವ ಸಣ್ಣ ಕೊಳವೆಯು ತೈಲವನ್ನು ಮಾಪಕದವರೆಗೆ ಒಯ್ಯುತ್ತದೆ. ಮಾಪಕದೊಳಗಿನ ಬಾಗಿದ ಲೋಹದ ನಳಿಕೆ ಒತ್ತಡಕ್ಕೆ ನೆಟ್ಟಗಾಗುತ್ತ ಮುಳ್ಳನ್ನು ತಿರುಗಿಸುತ್ತದೆ. ತಾಪಮಾನಕ್ಕಾಗಿ ಸಿಲಿಂಡರ್ ಹೆಡ್‌ನಲ್ಲಿ ಈಥರ್ ತುಂಬಿದ ಚಿಕ್ಕ ಬುರುಡೆಯೊಂದಿದೆ. ಅದರ ಆವಿಯ ಒತ್ತಡವು ಸೂಕ್ಷ್ಮ ನಳಿಕೆಯ ಮೂಲಕ ಮಾಪಕಕ್ಕೆ ತಲುಪುತ್ತದೆ. ನಂತರದ ಕೆಲವು ಕಾರುಗಳಲ್ಲಿ ವಿದ್ಯುತ್ ತಾಪಮಾನ ಮಾಪಕವನ್ನು ಬಳಸಲಾಯಿತು.

ಸಾಮಾನ್ಯ ಅಳತೆಗಳು

ಬಿಸಿಯಾದ ಎಂಜಿನ್ನಿನಲ್ಲಿ ಓಟದ ವೇಳೆ ಚದರ ಅಂಗುಲಕ್ಕೆ 50ರಿಂದ 80 ಪೌಂಡ್, ನಿಧಾನಗತಿಯಲ್ಲಿ ನಿಂತಾಗ 10ರಿಂದ 25 ಪೌಂಡ್ ಒತ್ತಡ ಇರಬೇಕು. ಎಂಜಿನ್ ತಣ್ಣಗಿರುವಾಗ ತೈಲ ಮಂದವಾಗಿರುವುದರಿಂದ ಮುಳ್ಳು ಮೇಲಿರುತ್ತದೆ. ಬಿಸಿಯೇರಿದಂತೆ ತೈಲ ತೆಳುವಾಗಿ ಒತ್ತಡ ಇಳಿಯುತ್ತದೆ. ಆದ್ದರಿಂದ ತಾಪಮಾನವನ್ನು ಗಮನಿಸದೆ ಒತ್ತಡದ ಅಂಕಿಯೊಂದನ್ನೇ ನೋಡಿ ತೀರ್ಮಾನಿಸಲಾಗದು.

ಸಾಮಾನ್ಯ ಥರ್ಮೋಸ್ಟಾಟ್ 82 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆಯುತ್ತದೆ. ಉಷ್ಣ ದೇಶಗಳಿಗೆ 74, ಶೀತ ದೇಶಗಳಿಗೆ 88 ಡಿಗ್ರಿಯವು ಲಭ್ಯವಿದ್ದವು. ರೇಡಿಯೇಟರ್ ಮುಚ್ಚಳ 10 ಪೌಂಡ್ ಒತ್ತಡವನ್ನು ತಡೆದು ಹಿಡಿದಾಗ ನೀರಿನ ಕುದಿಬಿಂದು ಸುಮಾರು 115 ಡಿಗ್ರಿಗೆ ಏರುತ್ತದೆ.

ಸೂಚನೆಗಳ ಅರ್ಥ

* ತಾಪಮಾನ ಸಹಜವಾಗಿದ್ದು, ತಿಂಗಳುಗಳ ಅವಧಿಯಲ್ಲಿ ಒತ್ತಡ ಇಳಿಯುತ್ತ ಬಂದರೆ ಬೇರಿಂಗ್ ಅಥವಾ ಪಂಪ್ ಸವೆದಿರಬಹುದು. ಒತ್ತಡ ನಿಯಂತ್ರಕ ಕವಾಟದ ಸ್ಪ್ರಿಂಗ್ ದುರ್ಬಲವಾಗಿರಬಹುದು.
* ತಿರುವುಗಳಲ್ಲಿ ಒತ್ತಡದ ಮುಳ್ಳು ತಟ್ಟನೆ ಬಿದ್ದು ಮತ್ತೆ ಏರಿದರೆ, ತೈಲದ ಮಟ್ಟ ತಗ್ಗಿ ಪಂಪ್ ಗಾಳಿಯನ್ನು ಎಳೆದುಕೊಳ್ಳುತ್ತಿರಬಹುದು.
* ವಾಹನದಟ್ಟಣೆಯಲ್ಲಿ ಏರಿದ ತಾಪಮಾನ ತೆರೆದ ರಸ್ತೆಯಲ್ಲಿ ಇಳಿದರೆ, ನಿಂತಾಗ ರೇಡಿಯೇಟರ್ ಮೂಲಕ ಗಾಳಿ ಸಾಲುತ್ತಿಲ್ಲವೆಂದು ತಿಳಿಯಬಹುದು. ವೇಗದ ಓಟದಲ್ಲಿಯೇ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರುವ ಸಂಭವವಿದೆ.
* ಏರಿದ ತಾಪಮಾನ ಕಾರಣವಿಲ್ಲದೆ ಒಮ್ಮೆಲೇ ಇಳಿದರೆ ಅದು ಶುಭಸೂಚನೆಯಲ್ಲ. ನೀರು ಸೋರಿಹೋಗಿ ಬುರುಡೆ ಬರಿದಾದ ಜಾಗದಲ್ಲಿ ಉಳಿದಿರಬಹುದು.

ಒತ್ತಡ ಹಠಾತ್ತನೆ ಶೂನ್ಯಕ್ಕೆ ಇಳಿದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕು. ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗ್‌ಗಳ ನಡುವಿನ ತೈಲದ ತೆಳುಪದರ ಇಲ್ಲವಾದರೆ ಲೋಹಕ್ಕೆ ಲೋಹ ಉಜ್ಜಿ, ಅಲ್ಪಕಾಲದಲ್ಲಿಯೇ ಬೇರಿಂಗ್‌ಗಳು ಹಾಳಾಗುತ್ತವೆ.

ಮಾಪಕದ ದೋಷಗಳು

ಮಾಪಕಗಳು ತಪ್ಪು ತೋರಿಸುವುದೂ ಉಂಟು. ಈಥರ್ ನಳಿಕೆ ಮಡಿಚಿದರೆ ಅಥವಾ ಒಡೆದರೆ ತಾಪಮಾನದ ಮುಳ್ಳು ಕೆಲಸ ಮಾಡುವುದಿಲ್ಲ. ತೈಲದ ಕೊಳವೆಗೆ ಜೋಡಿಸಿರುವ ರಬ್ಬರ್ ಭಾಗ ಹಳೆಯದಾಗಿ ಬಿರಿದರೆ ಎಂಜಿನ್ನಿನ ತೈಲವೇ ಹೊರಚೆಲ್ಲುವ ಅಪಾಯವಿದೆ. ವಿದ್ಯುತ್ ಮಾಪಕಗಳಿಗೆ ಸುಮಾರು 10 ವೋಲ್ಟ್ ಒದಗಿಸುವ ಸ್ಥಿರಕಾರಿ ಕೆಟ್ಟರೆ ತಾಪಮಾನ ಮತ್ತು ಇಂಧನ ಮಾಪಕಗಳೆರಡೂ ಒಟ್ಟಿಗೆ ತಪ್ಪು ತೋರಿಸುತ್ತವೆ. ಆದಕಾರಣ ಎಂಜಿನ್ ಬಿಚ್ಚುವ ಮೊದಲು ಪ್ರತ್ಯೇಕ ಪರೀಕ್ಷಾ ಮಾಪಕವೊಂದನ್ನು ಜೋಡಿಸಿ ಅಳತೆಯನ್ನು ಖಚಿತಪಡಿಸಿಕೊಳ್ಳಲಾಗುತ್ತದೆ. ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆರೆಯಬಾರದು. ಒತ್ತಡ ತಪ್ಪಿದೊಡನೆ ನೀರು ಕುದಿದು ಹೊರಚಿಮ್ಮುತ್ತದೆ.