ವಿಮೆ ಇಲ್ಲ, ಎಮರ್ಜೆನ್ಸಿ ಬಂತು: ಏನು ಕೇಳಬೇಕು?

ಕೈಗಾ ಸುತ್ತಿನ ಹಳ್ಳಿಯವರಿಗೆ ಜೀವಕ್ಕೆ ಬಂದರೆ 108, ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಅಲ್ಲಾಗದಿದ್ದರೆ ಗೋವಾ, ಮಣಿಪಾಲ, ಹುಬ್ಬಳ್ಳಿ. 2022ರಲ್ಲಿ ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆಗಾಗಿ ಬೀದಿಗಿಳಿದಿದ್ದು ಸುಮ್ನೆ ಅಲ್ಲ.

‘ಮೊದಲು ಡೆಪಾಸಿಟ್ ಕಟ್ಟಿ’ ಅನ್ನೋ ಮಾತನ್ನ ಖಾಸಗಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ ನಾನೂ ಕೇಳಿದ್ದೇನೆ. ತಲೆ ತಗ್ಗಿಸಿ ಸಾಲ ಹುಡುಕಿದ್ದೆ. ಆಮೇಲೆ ಗೊತ್ತಾಯ್ತು: ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ ತುರ್ತು ಚಿಕಿತ್ಸೆಗೆ ಮುಂಗಡಕ್ಕೆ ಪಟ್ಟು ಹಿಡಿಯುವಂತಿಲ್ಲ. ಅಪಘಾತವಾದರೆ ಪೊಲೀಸರು ಬರಲಿ ಅಂತ ಕಾಯಿಸುವಂತೆಯೂ ಇಲ್ಲ. ಸುಪ್ರೀಂ ಕೋರ್ಟ್ ಅದನ್ನ 1989ರಲ್ಲೇ ಹೇಳಿದೆ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ. 30 ಮಾತ್ರ. ಪಟ್ಟಿಯಲ್ಲಿರೋ ತುರ್ತು ಚಿಕಿತ್ಸೆಗೆ ರೆಫರಲ್ ಚೀಟಿ ಬೇಡ. ಯೋಜನೆಗೆ ಸೇರಿದ ಆಸ್ಪತ್ರೆಯಾದರೆ ಬಿಲ್ಲಿಂಗ್ ಕೌಂಟರಿಗೆ ಹೋಗೋ ಮೊದಲೇ ‘ಆರೋಗ್ಯಮಿತ್ರ ಎಲ್ಲಿದ್ದಾರೆ?’ ಅಂತ ಕೇಳಿ.