ಬೀದಿಯ ಚಿತ್ರಕ್ಕೆ ಎಂತಹ ಕ್ಯಾಮರಾ?

ಕ್ಯಾಮರಾ ಕಂಡೊಡನೆ ಮನುಷ್ಯನ ಮುಖದ ಸಹಜತೆ ಮಾಯವಾಗುತ್ತದೆ. ಹೂ ಕಟ್ಟುತ್ತಿದ್ದ ಕೈ ನಿಲ್ಲುತ್ತದೆ. ಹರಟುತ್ತಿದ್ದವರು ಸೆಟೆದು ನಿಲ್ಲುತ್ತಾರೆ. ಮಕ್ಕಳು ಹಲ್ಲು ಕಿರಿಯುತ್ತಾರೆ. ಹಾಗಾದರೆ ಬೀದಿಯ ಬಾಳನ್ನು ಇದ್ದದ್ದು ಇದ್ದ ಹಾಗೆ ಹಿಡಿಯಲು ಎಂತಹ ಕ್ಯಾಮರಾ ಬೇಕು? ಅಂಗಡಿಯವನನ್ನು ಕೇಳಿದರೆ ಬೆಲೆಯ ಪಟ್ಟಿಯನ್ನು ಮುಂದಿಡುತ್ತಾನೆ. ಚರಿತ್ರೆಯನ್ನು ಕೇಳಿದರೆ ಬೇರೊಂದು ಉತ್ತರ ದೊರೆಯುತ್ತದೆ. ವಾಚಕರು ಕೊಳ್ಳುವುದಕ್ಕೆ ಮೊದಲು ಆ ಉತ್ತರವನ್ನೂ ಕೇಳುವುದು ಲೇಸು.

ಪ್ಯಾರಿಸಿನ ಡಾಗೇರ್ 1838ರಲ್ಲಿ ತನ್ನ ಕಿಟಕಿಯಿಂದ ಕೆಳಗಿನ ದೊಡ್ಡ ಬೀದಿಯ ಚಿತ್ರವೊಂದನ್ನು ತೆಗೆದನು. ಗಾಡಿಗಳೂ ಜನರೂ ಓಡಾಡುತ್ತಿದ್ದ ಬೀದಿ ಚಿತ್ರದಲ್ಲಿ ನಿರ್ಜನವಾಗಿ ಕಾಣುತ್ತದೆ. ತಗಡಿನ ಮೇಲೆ ರೂಪ ಮೂಡಲು ಆಗ ಹಲವು ನಿಮಿಷಗಳು ಬೇಕಾಗುತ್ತಿದ್ದುದರಿಂದ ನಡೆಯುವವರೆಲ್ಲ ಅಳಿಸಿಹೋದರು. ಬೂಟಿಗೆ ಪಾಲಿಶು ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದವನೊಬ್ಬ ಮಾತ್ರ ಉಳಿದುಕೊಂಡನು. ತನ್ನ ಚಿತ್ರ ಮೂಡುತ್ತಿದೆಯೆಂಬುದು ಅವನಿಗೆ ತಿಳಿಯದು. ಬೀದಿಚಿತ್ರದ ಚರಿತ್ರೆ ಹೀಗೆ ಅರಿಯದವನೊಬ್ಬನಿಂದಲೇ ಆರಂಭವಾಗುತ್ತದೆ.

ಮುಂದೆ ಬಹುಕಾಲ ಈ ವಿದ್ಯೆ ನಿಧಾನವಾಗಿಯೇ ಇತ್ತು. 1877-78ರಲ್ಲಿ ಜಾನ್ ಥಾಮ್ಸನ್ ಲಂಡನ್ನಿನ ಬಡವರ ಬೀದಿಬದುಕನ್ನು ಚಿತ್ರಿಸಿದನು. ಗಾಜಿನ ಫಲಕಕ್ಕೆ ಅಲ್ಲಿಯೇ ದ್ರಾವಣ ಬಳಿದು, ಹಸಿ ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾದ ಕಾಲ ಅದು. ಆದ್ದರಿಂದ ಅವನ ಚಿತ್ರಗಳ ಜನ ಹೇಳಿ ನಿಲ್ಲಿಸಿದವರಂತೆ ನಿಂತಿದ್ದಾರೆ. 1871ರಲ್ಲಿ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಸೂಚಿಸಿದ ಒಣ ಫಲಕವು ಕೆಲವೇ ವರ್ಷಗಳಲ್ಲಿ ಸುಧಾರಿಸಿ ಅಂಗಡಿಗೆ ಬಂದ ಮೇಲೆ, ಸೆಕೆಂಡಿನ ಒಂದು ಅಂಶದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು. ಕ್ಯಾಮರಾ ಮುಕ್ಕಾಲಿಯಿಂದ ಇಳಿದು ಕೈಗೆ ಬಂದಿತು.

ಕಾಲದ ತೊಡಕು ಕಳೆಯಿತು. ಜನರ ಕಣ್ಣಿನ ತೊಡಕು ಉಳಿಯಿತು. ಅದಕ್ಕೆ ಆ ಕಾಲದವರು ಕಂಡುಕೊಂಡ ಉಪಾಯ ವೇಷ. 1886ರ ಸುಮಾರಿಗೆ ಬಂದ ಸ್ಟರ್ನ್ ಕ್ಯಾಮರಾ ತಟ್ಟೆಯಂತೆ ಚಪ್ಪಟೆ. ಅಂಗಿಯೊಳಗೆ ಕಟ್ಟಿಕೊಂಡರೆ ಅದರ ಲೆನ್ಸು ಗುಂಡಿಯ ಕಾಜಿನಿಂದ ಇಣುಕುತ್ತಿತ್ತು. ಒಂದು ದುಂಡು ಫಲಕಕ್ಕೆ ಆರು ಚಿತ್ರ. ನಾರ್ವೆಯ ಕಾರ್ಲ್ ಸ್ಟರ್ಮರ್ ವಿದ್ಯಾರ್ಥಿದೆಸೆಯಲ್ಲಿ ಇದನ್ನು ತೊಟ್ಟು ರಾಜಧಾನಿಯ ಬೀದಿಗಳಲ್ಲಿ ತಿರುಗಿ, ನಾಟಕಕಾರ ಇಬ್ಸನ್ನನನ್ನೂ ಬಿಡದೆ ಚಿತ್ರ ತೆಗೆದನು. ಮುಂದೆ ಧ್ರುವಪ್ರಭೆಯ ಅಧ್ಯಯನದಿಂದ ಪ್ರಸಿದ್ಧನಾದ ಗಣಿತಜ್ಞ ಈತನೇ. ಲಂಡನ್ನಿನಲ್ಲಿ ಪಾಲ್ ಮಾರ್ಟಿನ್ ಎಂಬ ಮರದಚ್ಚಿನ ಕೆಲಸಗಾರನು 1892ರಿಂದ ಫೆಸೈಲ್ ಎಂಬ ಪೆಟ್ಟಿಗೆ ಕ್ಯಾಮರಾವನ್ನು ಸಾಮಾನಿನ ಗಂಟಿನಂತೆ ಕಂಕುಳಲ್ಲಿ ಇರುಕಿಕೊಂಡು ಕೂಲಿಗಳ, ವ್ಯಾಪಾರಿಗಳ ಚಿತ್ರ ತೆಗೆದನು.

ಅಮೆರಿಕದಲ್ಲಿ ಈಸ್ಟ್‌ಮನ್ ಎಂಬಾತನು 1888ರಲ್ಲಿ ಕೊಡಕ್ಕನ್ನು ಮಾರಾಟಕ್ಕೆ ತಂದನು. ಬೆಲೆ 25 ಡಾಲರು. ಒಳಗೆ 100 ಚಿತ್ರಗಳ ಸುರುಳಿ. ಗುಂಡಿ ಒತ್ತಬಲ್ಲವನೆಲ್ಲ ಛಾಯಾಗ್ರಾಹಕನಾದನು. ಎರಡೇ ವರ್ಷಗಳಲ್ಲಿ, 1890ರಲ್ಲಿ, ವಾರನ್ ಮತ್ತು ಬ್ರಾಂಡೈಸ್ ಎಂಬ ವಕೀಲರು ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ವ್ಯಕ್ತಿಯ ಖಾಸಗಿ ಬಾಳಿನ ಹಕ್ಕನ್ನು ಕುರಿತು ಲೇಖನ ಬರೆದರು. ಅವರ ಆತಂಕದ ಕಾರಣಗಳಲ್ಲಿ ಕ್ಷಣಾರ್ಧದಲ್ಲಿ ತೆಗೆಯುವ ಛಾಯಾಚಿತ್ರವೂ ಒಂದು. ಬಚ್ಚಿಟ್ಟ ಕ್ಯಾಮರಾ ಸಹಜವಾದ ಮುಖವನ್ನು ತಂದುಕೊಟ್ಟಿತು, ನಿಜ. ಆದರೆ ಆ ಮುಖದ ಒಡೆಯನ ಮಾನದ ಪ್ರಶ್ನೆಯನ್ನೂ ಜೊತೆಯಲ್ಲೇ ತಂದಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

1916ರಲ್ಲಿ ನ್ಯೂಯಾರ್ಕಿನ ಪಾಲ್ ಸ್ಟ್ರ್ಯಾಂಡ್ ಇನ್ನೊಂದು ತಂತ್ರ ಹೂಡಿದನು: ಕ್ಯಾಮರಾದ ಪಕ್ಕಕ್ಕೆ ಹುಸಿ ಲೆನ್ಸೊಂದನ್ನು ತಗುಲಿಸಿ, ಒಂದು ಕಡೆ ಗುರಿಯಿಟ್ಟಂತೆ ತೋರಿಸಿ ಇನ್ನೊಂದು ಕಡೆಯ ಚಿತ್ರ ತೆಗೆಯುವುದು. ಕುರುಡಿ ಎಂಬ ಫಲಕವನ್ನು ಎದೆಯ ಮೇಲೆ ತೂಗಿಕೊಂಡ ಹೆಂಗಸಿನ ಚಿತ್ರ ಆ ವರ್ಷದ್ದೇ. ಒಮ್ಮೆ ನೋಡಿದವರು ಅದನ್ನು ಮರೆಯಲಾರರು. ನೋಡುವ ನಮ್ಮ ಹಕ್ಕು ಎಷ್ಟು ಎಂಬ ಅಳುಕೂ ಅದರೊಡನೆ ಉಳಿಯುತ್ತದೆ.

ಈ ಕಥೆಗೆ ತಿರುವು ಕೊಟ್ಟದ್ದು ಜರ್ಮನಿಯ ವೆಟ್ಸ್ಲಾರ್ ಊರಿನ ಆಸ್ಕರ್ ಬಾರ್ನಾಕ್. ಉಬ್ಬಸದ ರೋಗಿಯಾದ ಅವನಿಗೆ ಭಾರವಾದ ಕ್ಯಾಮರಾ ಹೊರುವುದು ಕಷ್ಟ. ಸಿನಿಮಾದ 35 ಮಿಲಿಮೀಟರು ಫಿಲ್ಮನ್ನೇ ಬಳಸಿ, 24ಕ್ಕೆ 36 ಮಿಲಿಮೀಟರಿನ ಚಿತ್ರ ತೆಗೆಯುವ ಪುಟ್ಟ ಯಂತ್ರವನ್ನು ಅವನು 1914ರ ಹೊತ್ತಿಗೆ ಮಾಡಿದ್ದನು. ಲೈಟ್ಸ್ ಕಾರ್ಖಾನೆ ಅದನ್ನು 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಹೊರತಂದಿತು. ಅಂಗೈಯಲ್ಲಿ ಹಿಡಿಯಬಹುದಾದ ಗಾತ್ರ, ಬಟ್ಟೆಯ ಷಟರಿನ ಮೆಲುದನಿ, ಒಂದು ಸುರುಳಿಗೆ 36 ಚಿತ್ರ. ಫಿಲ್ಮನ್ನು ಮುಂದಕ್ಕೆ ತಿರುಗಿಸಿದರೆ ಷಟರೂ ತಾನಾಗಿ ಸಿದ್ಧವಾಗುವ ವ್ಯವಸ್ಥೆ. ಗಾಳಿ ಬಂದಾಗ ತೂರಿಕೊಳ್ಳಬೇಕಾದವನಿಗೆ ತಕ್ಕ ಮೊರ ದೊರೆಯಿತು.

ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸಾನ್ 1930ರ ದಶಕದ ಆರಂಭದಲ್ಲಿ ಇದನ್ನು ಕೈಗೆತ್ತಿಕೊಂಡನು. ಹೆಚ್ಚಾಗಿ ಬಳಸಿದ್ದು 50 ಮಿಲಿಮೀಟರಿನ ಒಂದೇ ಲೆನ್ಸು. ಫ್ಲಾಶ್ ಬೆಳಕನ್ನು ಅವನು ಒಲ್ಲ. ಹೊಳೆಯುವ ಲೋಹಕ್ಕೆ ಕಪ್ಪು ಪಟ್ಟಿ ಅಂಟಿಸಿದನೇ ಹೊರತು ಕ್ಯಾಮರಾಕ್ಕೆ ಗಂಟಿನ ವೇಷ ತೊಡಿಸಲಿಲ್ಲ. ನಮ್ಮ ದೇಶಕ್ಕೂ ಆತ ಬಂದಿದ್ದನು. 1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿಯವರನ್ನು ಕಂಡು ಬಂದ ಸ್ವಲ್ಪ ಹೊತ್ತಿಗೆ ಅವರ ಹತ್ಯೆಯಾಯಿತು. ಅಂತ್ಯಯಾತ್ರೆಯ ಜನಸಾಗರದ ದುಃಖವನ್ನು ಅವನ ಲೈಕಾ ದಾಖಲಿಸಿತು. ಅಂತಹ ಗಳಿಗೆಯಲ್ಲಿ ದೊಡ್ಡ ಯಂತ್ರ ಹೊತ್ತವನು ಆ ಜನರ ನಡುವೆ ನುಸುಳುವುದು ಹೇಗೆ?

ಬೇರೆ ಬಗೆಯ ಕ್ಯಾಮರಾಗಳಿಗೂ ಅವುಗಳ ಗುಣದೋಷಗಳುಂಟು. 1929ರಲ್ಲಿ ಬಂದ ರೋಲಿಫ್ಲೆಕ್ಸನ್ನು ಎದೆಯ ಕೆಳಗೆ ಹಿಡಿದು, ತಲೆ ಬಾಗಿಸಿ ಮೇಲಿನಿಂದ ನೋಡಬೇಕು. ಎದುರಿನವನನ್ನು ದಿಟ್ಟಿಸುವ ಒರಟುತನ ಅದರಲ್ಲಿಲ್ಲ, ಸದ್ದೂ ಕಡಿಮೆ. ಆದರೆ ನೋಟದಲ್ಲಿ ಎಡ ಬಲವಾಗುತ್ತದೆ, ಫಿಲ್ಮು ಹನ್ನೆರಡೇ ಚಿತ್ರಗಳಿಗೆ ಮುಗಿಯುತ್ತದೆ. ಒಂದೇ ಲೆನ್ಸಿನ ರಿಫ್ಲೆಕ್ಸಿನಲ್ಲಿ ಲೆನ್ಸು ಕಂಡಷ್ಟನ್ನೇ ನಾವೂ ಕಾಣುತ್ತೇವೆ; ಆದರೆ ಕನ್ನಡಿ ಮೇಲೇಳುವ ಸದ್ದು ಗುಟ್ಟನ್ನು ಬಿಟ್ಟುಕೊಡುತ್ತದೆ.

ಹಾಗೆಂದು ಸಣ್ಣ ಕ್ಯಾಮರಾ ಕೈಗೆ ಬಂದ ಮೇಲೆ ಬಚ್ಚಿಡುವ ಚಪಲ ತೀರಲಿಲ್ಲ. ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕಾಂಟ್ಯಾಕ್ಸ್ ಕ್ಯಾಮರಾವನ್ನು ಕೋಟಿನೊಳಗೆ ಅಡಗಿಸಿ, ಒತ್ತುವ ತಂತಿಯನ್ನು ತೋಳಿನೊಳಗೆ ಇಳಿಬಿಟ್ಟು ಎದುರಿನ ಪ್ರಯಾಣಿಕರ ಚಿತ್ರ ತೆಗೆದನು. ಆದರೆ ಅವು ಪುಸ್ತಕವಾಗಿ ಬಂದದ್ದು 1966ರಲ್ಲಿ. ಆ ಕಾಲು ಶತಮಾನದ ತಡವನ್ನೂ ಚಿತ್ರಗಳ ಜೊತೆಗೆ ನೆನೆಯಬೇಕು.

ಈಗ ಕೊಳ್ಳುವವನಿಗೆ ಈ ಚರಿತ್ರೆ ಹೇಳುವುದೇನು? ಕ್ಯಾಮರಾ ಸಣ್ಣದಿರಲಿ, ಸದ್ದು ಕಡಿಮೆಯಿರಲಿ, ಒತ್ತಿದ ಕ್ಷಣಕ್ಕೂ ಚಿತ್ರಕ್ಕೂ ನಡುವೆ ತಡವಿಲ್ಲದಿರಲಿ. 35 ಅಥವಾ 50 ಮಿಲಿಮೀಟರಿನ ಒಂದು ಲೆನ್ಸು ಸಾಕು. ಫಿಲ್ಮಿನ ಲೈಕಾದಂತಹ ಕ್ಯಾಮರಾದಲ್ಲಿ 35 ಮಿಲಿಮೀಟರಿನ ಲೆನ್ಸಿಗೆ 8ರ ರಂಧ್ರವನ್ನೂ 3 ಮೀಟರಿನ ದೂರವನ್ನೂ ಮೊದಲೇ ನಿಗದಿಮಾಡಿಟ್ಟರೆ, ಸುಮಾರು 2ರಿಂದ 7 ಮೀಟರಿನವರೆಗಿನದೆಲ್ಲ ಸ್ಪಷ್ಟವಾಗಿ ಮೂಡುತ್ತದೆ. ಆಗ ಗಮನವೆಲ್ಲ ಮನುಷ್ಯನ ಮೇಲೆಯೇ ನಿಲ್ಲುತ್ತದೆ. ದೂರದಿಂದ ಎಳೆದು ತೋರುವ ಉದ್ದ ಲೆನ್ಸಿನ ಆಸೆ ಬೇಡ. ಅದು ಬೀದಿಯಲ್ಲಿ ನಿಮ್ಮನ್ನು ಬೇಹುಗಾರನನ್ನಾಗಿ ಮಾಡುತ್ತದೆ.

ಇಂದು ಜೇಬಿನ ದೂರವಾಣಿಯಲ್ಲೇ ಸದ್ದಿಲ್ಲದ ಕ್ಯಾಮರಾ ಇದೆ. ಸ್ಟರ್ಮರನ ಅಂಗಿ, ಮಾರ್ಟಿನ್ನನ ಗಂಟು ಯಾವುದೂ ಬೇಕಿಲ್ಲ. ಆದ್ದರಿಂದಲೇ ಹೊಣೆ ಹಿಂದಿಗಿಂತ ಹೆಚ್ಚು. ಕೊರಳಲ್ಲಿ ಎಲ್ಲರಿಗೂ ಕಾಣುವಂತೆ ತೂಗಿಕೊಂಡು, ಚಿತ್ರ ತೆಗೆದ ಮೇಲೆ ಆ ಮನುಷ್ಯನ ಕಣ್ಣನ್ನು ಕಣ್ಣಿಟ್ಟು ನೋಡಿ ಒಂದು ನಗೆ ನಗಲು ಯಾವ ಕ್ಯಾಮರಾ ನಿಮಗೆ ಅಡ್ಡಿಯಾಗುವುದಿಲ್ಲವೋ, ಅದನ್ನೇ ಆರಿಸಿಕೊಳ್ಳಿ.