ಮುಖ ಮುಚ್ಚಿಕೊಂಡ ದೇವದೂತರು

ಸ್ವರ್ಗದಲ್ಲಿ ದೇವದೂತರು ಹಗಲಿರುಳು ದೇವರನ್ನು ಹೊಗಳುತ್ತಾರೆಂದು ಕ್ರೈಸ್ತ ಕೀರ್ತನೆಗಳು ಹೇಳುತ್ತವೆ. ಅಷ್ಟು ಹೊಗಳಿಕೆ ದೇವರಿಗೇಕೆ ಎಂಬ ಅನುಮಾನ ನನ್ನನ್ನು ಬಹಳ ದಿನ ಕಾಡಿತ್ತು. ದೇಸಾಯರ ವಾಡೆಯ ಹೊಗಳುಭಟರಿಗೂ ನಡುವೆ ಊಟದ ಬಿಡುವಿರುತ್ತಿತ್ತಲ್ಲ!

ಅನುಮಾನ ಹುಟ್ಟಿಸಿದ್ದು ‘ಹೋಲಿ, ಹೋಲಿ, ಹೋಲಿ’ ಎಂಬ ಪ್ರಸಿದ್ಧ ಇಂಗ್ಲಿಷ್ ಕೀರ್ತನೆ. ಬರೆದವರು ರೆಜಿನಾಲ್ಡ್ ಹೀಬರ್. 1823ರಲ್ಲಿ ಕಲ್ಕತ್ತೆಗೆ ಬಿಷಪ್ ಆಗಿ ಬಂದು, 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ತೀರಿಕೊಂಡರು. ಇಂದು ಎಲ್ಲೆಡೆ ಕೇಳುವ ಅದರ ರಾಗವನ್ನು ಜಾನ್ ಡೈಕ್ಸ್ ಕೂಡಿಸಿದ್ದು 1861ರಲ್ಲಿ. ಹಾಡಿನಲ್ಲಿ ಕೆರೂಬಿಯರೂ ಸೆರಾಫಿಯರೂ ದೇವರೆದುರು ಬಾಗುತ್ತಾರೆ.

ಇದರ ಬೇರು ಬೈಬಲ್ಲಿನ ಯೆಶಾಯ ಪ್ರವಾದಿಯ ಗ್ರಂಥದ 6ನೆಯ ಅಧ್ಯಾಯದಲ್ಲಿದೆ. ಅಲ್ಲಿ ಸೆರಾಫಿಯರಿಗೆ ಆರಾರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಳ್ಳುತ್ತಾರೆ, ಎರಡರಿಂದ ಕಾಲು ಮುಚ್ಚಿಕೊಳ್ಳುತ್ತಾರೆ; ಹಾರಲು ಉಳಿಯುವುದು ಎರಡೇ. ಇದನ್ನು ಓದಿದಾಗ ನನ್ನ ಅನುಮಾನ ಸಡಿಲಾಯಿತು. ಹೊಗಳುಭಟನು ಮುಖ ಮುಚ್ಚಿಕೊಳ್ಳುವುದಿಲ್ಲ. ಅವನಿಗೆ ಒಡೆಯನ ಕಣ್ಣಿಗೆ ಬೀಳಬೇಕಾಗಿರುತ್ತದೆ. ನನಗೆ ನೆನಪಾದದ್ದು ಗುಡಿಯ ಹೊಸ್ತಿಲಲ್ಲಿ ತಲೆ ಮೇಲೆ ಸೆರಗೆಳೆದುಕೊಂಡು ಕಣ್ಣು ಮುಚ್ಚುವ ನಮ್ಮ ಕಡೆಯ ಹೆಣ್ಣುಮಕ್ಕಳು.

ಆದರೆ ಇದೇ ಹೀಬರ್, ಭಾರತಕ್ಕೆ ಬರುವ ಮೊದಲೇ, 1819ರಲ್ಲಿ ಇನ್ನೊಂದು ಕೀರ್ತನೆ ಬರೆದಿದ್ದರು. ಮರಕ್ಕೆ, ಕಲ್ಲಿಗೆ ಕೈಮುಗಿಯುವವರು ಅದರಲ್ಲಿ ಕುರುಡರು. 1925ರಲ್ಲಿ ಕಲ್ಕತ್ತೆಯಲ್ಲಿ ಮಿಷನರಿಗಳೆದುರು ಮಾತಾಡುವಾಗ ಗಾಂಧೀಜಿ ಈ ಹಾಡನ್ನು ಎತ್ತಿ ಆಕ್ಷೇಪಿಸಿದ್ದರು. ದೇವದೂತರ ಬಾಗಿದ ತಲೆಯನ್ನು ಅಷ್ಟು ಚೆನ್ನಾಗಿ ಕಂಡ ಕವಿಗೆ ಮನುಷ್ಯರ ಬಾಗಿದ ತಲೆ ಕಾಣದೇ ಹೋಯಿತು. ಹಾಡು ಇಷ್ಟವಾದಷ್ಟೂ ಈ ಮಾತು ನನಗೆ ಚುಚ್ಚುತ್ತದೆ.

ಗಾಂಧೀಜಿಯ ಆ ಭಾಷಣದ ಆರು ವರ್ಷಗಳ ನಂತರ, 1931ರಲ್ಲಿ, ಇಂಡಿ ಸೀಮೆಯ ಹಲಸಂಗಿಯಿಂದ ‘ಗರತಿಯ ಹಾಡು’ ಹೊರಬಂತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಕೂಡಿಸಿದ ತ್ರಿಪದಿಗಳು ಅವು. ಪಂಡಿತರು ಹಾಡೆಂದೇ ಎಣಿಸದಿದ್ದುದನ್ನು ಈ ಹಳ್ಳಿಯ ತರುಣರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡರು. ನಸುಕಿನಲ್ಲಿ ಎದ್ದು, ದೇವರನ್ನು ನೆನೆದು, ಆಮೇಲೆ ಬೀಸಲು ಕೂಡ್ರುವವರ ಹಾಡು. ಬೀಸುವ ಕಲ್ಲನ್ನೇ ತಾಯಿಯೆಂದು ಕರೆಯುವ ಪದಗಳೂ ಕನ್ನಡ ನಾಡಿನಲ್ಲಿವೆ. ಕಲ್ಲು ಕಲ್ಲೇ ಎಂಬುದು ದಿನಾ ಅದನ್ನು ತಿರುಗಿಸುವ ಕೈಗೆ ಗೊತ್ತಿಲ್ಲವೆ?

ಹೀಬರ್ 1825ರಲ್ಲಿ ಮುಂಬಯಿವರೆಗೆ ಬಂದಿದ್ದರು. ಇನ್ನಷ್ಟು ದಕ್ಷಿಣಕ್ಕೆ, ಭೀಮೆಯ ಈಚೆ ದಂಡೆಗೆ ಬಂದು ಒಂದು ರಾತ್ರಿ ತಂಗಿದ್ದರೆ, ಕೋಳಿ ಕೂಗುವ ಹೊತ್ತಿಗೆ ಅವರಿಗೂ ಆ ದನಿ ಕೇಳಿಸುತ್ತಿತ್ತು.